ಮತ್ತೆ ಹೊತ್ತ ಸೀರೆಗಂಟು

ನಮ್ಮ ಮನೆಯವರ ಎಡಹೆಗಲ ಮೇಲೆ ದಡ್ಡುಗಟ್ಟಿದ ಒಂದು ಗುರುತಿತ್ತು. ಅಗಲದಲ್ಲಿ ಅಂಗೈಯ ಅರ್ಧದಷ್ಟು, ಮುಟ್ಟಿದರೆ ಒಣಗಿದ ತೊಗಲಿನಷ್ಟು ಗಟ್ಟಿ. ಹದಿನೆಂಟು ವರ್ಷ ಸೀರೆಯ ಗಂಟು ಹೊತ್ತು ಬೀದಿ ಬೀದಿ ಅಲೆದ ಗುರುತು ಅದು. ಬೆಳಗ್ಗೆ ಅಂಬಲಿ ಕುಡಿದು ಹೊರಟರೆ ಪೇಟೆ, ಅಗಸರ ಕೇರಿ, ಹೊಳೆಯಾಚೆಯ ಹಳ್ಳಿಗಳನ್ನೆಲ್ಲ ಸುತ್ತಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಊರವರ ಬಾಯಲ್ಲಿ ಅವರು ಗಂಟಿನ ತೋಟಪ್ಪ.

ಕೊನೆಗೊಂದು ದಿನ ಚೌಕದಲ್ಲಿ ನಮ್ಮದೇ ಅಂಗಡಿಯಾಯಿತು. ಪೂಜೆ ಮುಗಿಸಿ ಗಾದಿಯ ಮೇಲೆ ಕೂತವರು, ಇನ್ನು ನನ್ನ ಕಾಲು ಯಾರ ಬಾಗಿಲಿಗೂ ಹೋಗುವುದಿಲ್ಲ, ಬೇಕಾದವರು ನನ್ನ ಬಾಗಿಲಿಗೆ ಬರಲಿ ಎಂದರು. ಗಂಟು ಕಟ್ಟುತ್ತಿದ್ದ ದಪ್ಪ ಬಟ್ಟೆಯನ್ನು ನಾನೇ ಒಗೆದು ಟ್ರಂಕಿನಲ್ಲಿಟ್ಟೆ. ಗಂಟಿನ ತೋಟಪ್ಪ ತೋಟಪ್ಪಶೆಟ್ಟರಾದರು.

ಅಂದಿನಿಂದ ಕೂತದ್ದೇ ಕೂತದ್ದು. ಅಂಗಡಿ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಆಟೋದಲ್ಲೇ ಹೋಗಬೇಕು. ಮೇಲಿನ ಖಾನೆಯ ಸೀರೆ ಎಳೆಯಲು ಏಳಬಾರದೆಂದು ಒಂದು ಉದ್ದನೆಯ ಕೋಲನ್ನೂ ಮಾಡಿಸಿಕೊಂಡರು. ವರ್ಷಗಳು ಉರುಳಿದಂತೆ ಹೊಟ್ಟೆ ಬಂತು. ಸುಳ್ಳೇಕೆ, ನನಗೂ ಅದು ಹೆಮ್ಮೆಯೇ. ಗಂಡ ಮೈ ತುಂಬಿಕೊಂಡರೆ ಹೆಂಡತಿಯ ಕೈಗುಣ ಎನ್ನುವ ಕಾಲ.

ಆಮೇಲೆ ಸುಸ್ತು ಶುರುವಾಯಿತು. ಬಲಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರ ಎನ್ನುತ್ತಿದ್ದರು. ಸ್ಕ್ಯಾನಿಂಗ್ ಮಾಡಿಸಿದೆವು. ಡಾಕ್ಟರ ಕೋಣೆಯೊಳಗೆ ಒಬ್ಬರೇ ಹೋಗಿ ಬಂದು, ಲಿವರಿನಲ್ಲಿ ಸ್ವಲ್ಪ ಕೊಬ್ಬು ತುಂಬಿದೆಯಂತೆ, ಏನೂ ಇಲ್ಲ ಎಂದರು.

ನಮ್ಮ ಕಡೆ ಲಿವರಿನ ಕಾಯಿಲೆ ಎಂದರೆ ಕಾಮಾಲೆಯೊಂದೇ. ಪಕ್ಕದ ಮನೆಯ ಸಾತಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ನಿಮ್ಮ ಯಜಮಾನ್ರು ಕದ್ದುಮುಚ್ಚಿ ಒಂದಿಷ್ಟು ಏರಿಸ್ತಾರೇನೇ?" ಎಂದಳು. ವೀಳ್ಯದೆಲೆಗೆ ಹೊಗೆಸೊಪ್ಪನ್ನೂ ಸೇರಿಸದ ಮನುಷ್ಯ ಎಂದು ನಾನು ರೇಗಿದ ಮೇಲೆ ತಾನೇ ಕಾಮಾಲೆಯ ಪಥ್ಯ ಹೇಳಿದಳು: ಬೆಳಗ್ಗೆ ಮಜ್ಜಿಗೆಯಲ್ಲಿ ಅರೆದ ನೆಲನೆಲ್ಲಿ, ಎರಡು ಹೊತ್ತು ದೊಡ್ಡ ಲೋಟದ ತುಂಬ ಕಬ್ಬಿನ ಹಾಲು, ಮಂಚ ಬಿಟ್ಟು ಇಳಿಯಬಾರದು.

ಮೂರು ತಿಂಗಳು ವ್ರತದಂತೆ ನಡೆಸಿದೆ. ಅಂಗಡಿ ಮಧ್ಯಾಹ್ನದವರೆಗೆ, ಆಮೇಲೆ ಮಂಚ. ಇವರು ಒಂದು ದಿನವೂ ಬೇಡವೆನ್ನಲಿಲ್ಲ. ಕಬ್ಬಿನ ಹಾಲು ಕುಡಿಯುವಾಗ ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಒಂದು ಶನಿವಾರ ಎಣ್ಣೆ ಹಚ್ಚುವಾಗ ನನ್ನ ಕೈ ಹೆಗಲ ಮೇಲೆ ತಡೆಯಿತು. ಆ ಗುರುತು ಮಗುವಿನ ಕೆನ್ನೆಯಂತೆ ಮೆತ್ತಗಾಗಿತ್ತು. ಯಾಕೋ ಹೆದರಿಕೆಯಾಯಿತು.

ಎರಡನೆಯ ಸಲ ಸ್ಕ್ಯಾನಿಂಗಾದಾಗ ನಾನೂ ಒಳಗೆ ಹೋದೆ. ಡಾಕ್ಟರಮ್ಮ ಕಾಗದ ನೋಡಿ, ಮೊದಲಿಗಿಂತ ಹೆಚ್ಚಾಗಿದೆಯಲ್ಲ ಎಂದು ಕನ್ನಡಕ ತೆಗೆದರು. ನಾನು ಮಾಡಿದ ಆರೈಕೆಯನ್ನೆಲ್ಲ ಒಪ್ಪಿಸಿದೆ. ಅವರು ನನ್ನನ್ನಲ್ಲ, ಇವರನ್ನು ನೋಡಿದರು.

"ಮೊದಲ್ನೇ ದಿನಾನೇ ಹೇಳಿದ್ನಲ್ಲಾ ಶೆಟ್ರೇ. ಸಿಹಿ ಬಿಡಿ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ ಅಂತ. ಇದಕ್ಕೆ ನಿಮ್ಮ ಕಾಲೇ ಔಷಧಿ. ಹೀಗೇ ಬಿಟ್ರೆ ಲಿವರ್ ಕಲ್ಲಾಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಮನೆಗೆ ಬಂದು, ಗೊತ್ತಿದ್ದೂ ಯಾಕೆ ಕುಡಿದಿರಿ ಎಂದೆ.

"ನೀನು ಅಕ್ಕರೆಯಿಂದ ಕೊಡ್ತಿದ್ದೆ. ಕುಡಿಯೋದು ಸುಲಭವಾಗಿತ್ತು ಕಣೇ," ಎಂದರು. "ಬೇರೆಯೋರು ನಡೆದ್ರೆ ಗಾಳಿ ಸೇವನೆ. ನಾನು ನಡೆದ್ರೆ? ತೋಟಪ್ಪನ ಅಂಗಡಿ ಮುಳುಗ್ತು, ಮತ್ತೆ ಬೀದಿಗೆ ಬಿದ್ದ ಅಂತಾರೆ."

ಮಾರನೆಯ ಬೆಳಗ್ಗೆ ಟ್ರಂಕು ತೆಗೆದೆ. ಹಳೆಯ ಬಟ್ಟೆಯಲ್ಲಿ ಹತ್ತು ಸೀರೆ ಕಟ್ಟಿ ನನ್ನ ಹೆಗಲಿಗೇ ಹಾಕಿಕೊಂಡು, ನಿಮ್ಮ ಕಾಲು ಬೀದಿಗೆ ಬರುವುದು ಬೇಡ, ನನ್ನದು ಹೋಗಲಿ ಎಂದು ಹೊಸಿಲು ದಾಟಿದೆ. ಇವರು ಹಿಂದಿನಿಂದ ಕೂಗಿದರು. ನಾನು ತಿರುಗಲಿಲ್ಲ.

ಆದರೆ ಗಂಟು ಹಾಕುವುದೂ ಒಂದು ವಿದ್ಯೆ. ನಾನು ಹಾಕಿದ್ದು ಅಕ್ಕಿಮೂಟೆಗೆ ಹಾಕುವಂಥದ್ದು. ಬಾವಿಕಟ್ಟೆಯ ಹತ್ತಿರ ಅದು ಸಡಿಲಿ, ಸೀರೆಗಳೆಲ್ಲ ನಡುಬೀದಿಯಲ್ಲಿ ಹರಡಿಬಿದ್ದವು. ನೀರಿಗೆ ಬಂದವರು ಕೊಡ ಇಳಿಸಿ ನೋಡುತ್ತ ನಿಂತರು. ಅಷ್ಟರಲ್ಲಿ ಇವರು ಏದುಸಿರು ಬಿಡುತ್ತ ಬಂದರು, ನಡೆದುಕೊಂಡೇ. ಮಂಡಿಯೂರಿ ಒಂದೊಂದೇ ಸೀರೆಯ ಮಣ್ಣು ಕೊಡವಿದರು, ಮಡಿಸಿದರು. ಬಟ್ಟೆಯ ಎರಡು ತುದಿಗಳನ್ನು ಅಡ್ಡಡ್ಡ ಎಳೆದು ತಮ್ಮ ಹಳೆಯ ಬಿಗಿ ಹಾಕಿದರು. ಕೈ ಮರೆತಿರಲಿಲ್ಲ.

ಕಟ್ಟೆಯ ಮೇಲಿದ್ದ ಮುದುಕನೊಬ್ಬ ಕೇಳಿದ. "ಏನ್ ಶೆಟ್ರೇ, ಮತ್ತೆ ಗಂಟು ಬಂತಾ ಹೆಗಲಿಗೆ?"

ಇವರು ಮನೆಯ ಕಡೆ ಒಮ್ಮೆ ನೋಡಿದರು, ಮುಂದಿನ ಬೀದಿಯ ಕಡೆ ಒಮ್ಮೆ.

"ಹೂಂ ಕಣಪ್ಪಾ. ಡಾಕ್ಟರಮ್ಮ ಹೊರಿಸಿದ್ದು," ಎಂದು ಗಂಟನ್ನು ಹೆಗಲಿಗೇರಿಸಿ ಮುಂದಿನ ಬೀದಿಗೇ ನಡೆದರು.

ಮೊದಮೊದಲು ನಾಲ್ಕು ಮನೆಗೊಮ್ಮೆ ಜಗುಲಿ ಹುಡುಕುತ್ತಿದ್ದರು. ಬೆವರು ಒರೆಸಲು ಕೊಂಡೊಯ್ದ ಟವಲು ಹಿಂಡುವಂತಾಗುತ್ತಿತ್ತು. ಜನ ಆಡಿಕೊಂಡರು, ಎಂಟು ದಿನ ಆಡಿ ಅವರಿಗೂ ಬೇಸರವಾಯಿತು. ಆಮೇಲಾಮೇಲೆ ಹಳೆಯ ಹೆಂಗಸರು ಬಾಗಿಲಿಗೆ ಬಂದು ಮಾತಾಡಿಸತೊಡಗಿದರು. ಸೀರೆ ಕೊಂಡವರು ಕಡಿಮೆ, ಯೋಗಕ್ಷೇಮ ಕೇಳಿದವರೇ ಹೆಚ್ಚು. ಊಟದಲ್ಲಿ ಸಿಹಿ ನಿಂತಿತು, ಅನ್ನ ಅರ್ಧವಾಯಿತು. ಅಂಗಡಿ ತೆರೆಯುವ ಮುಂಚೆ ಒಂದು ಗಂಟೆಯ ನಡಿಗೆ ಮಾತ್ರ ನಿಲ್ಲಲಿಲ್ಲ. ಆ ಕಾಲುಗಳು ಅವರನ್ನು ಇನ್ನೂ ಹತ್ತೊಂಬತ್ತು ವರ್ಷ ಹೊತ್ತು ನಡೆದವು.

ನಡಿಗೆ ಶುರುವಾದ ಎಂಟನೆಯ ತಿಂಗಳಲ್ಲಿ ಮತ್ತೆ ಸ್ಕ್ಯಾನಿಂಗಾಗಿತ್ತು. ಕೊಬ್ಬು ಬಹುಪಾಲು ಕರಗಿದೆ, ನಡೆಯುವುದು ಬಿಡಬೇಡಿ ಎಂದರು ಡಾಕ್ಟರಮ್ಮ. ಹೊರಗೆ ಬಂದಾಗ ಎಳೆಬಿಸಿಲು. ಇವರು ಮೋರಿಯ ಕಟ್ಟೆಯ ಮೇಲೆ ಕೂತು, ಚಪ್ಪಲಿ ಬಿಚ್ಚಿ ಮರಳು ಕೊಡವಿದರು. ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಮ್ಮಡಿಯ ಕಡೆ ಅಟ್ಟೆ ಸವೆದು ತೂತು ಬಿದ್ದಿತ್ತು. "ನೋಡೇ," ಎಂದು ನನ್ನತ್ತ ತಿರುಗಿದಾಗ, ಆ ತೂತಿನಿಂದ ಇಳಿದ ಬಿಸಿಲ ಚುಕ್ಕೆಯೊಂದು ಅವರ ಕೆನ್ನೆಯ ಮೇಲೆ ಅಲುಗಾಡುತ್ತಿತ್ತು.