ಮೈಕಿನವಳ ತಿದ್ದುಪಡಿ

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೆ ನನ್ನ ನಾಲಿಗೆ ಉಪ್ಪಿನ ರುಚಿ ಮರೆಯಲಿ. ಮುನ್ನೂರು ಜನ ಮನಸ್ಸಿನ ಡಾಕ್ಟರುಗಳು ಒಂದೇ ಸಭಾಂಗಣದಲ್ಲಿ ಕೂತಿದ್ದರು. ಅವರ ಕನ್ನಡಕಗಳ ಹೊಳಪಿಗೆ ದೀಪ ಹಾಕುವ ಅಗತ್ಯವೇ ಬೀಳಲಿಲ್ಲ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಅದಕ್ಕೆ ತಕ್ಕ ಚಿಕಿತ್ಸೆ ಕೊಡಬೇಕೋ, ಇನ್ನಷ್ಟು ಕಾಯಿಸಬೇಕೋ ಎಂದು ಬೆಳಿಗ್ಗೆಯಿಂದ ಜಗಳ.

ಹಿಂದಿನ ಗಾಜಿನ ಗೂಡಿನಲ್ಲಿ, ಸಭೆಯ ಮೈಕುಗಳನ್ನು ನೋಡಿಕೊಳ್ಳುವ ಮೈಕಿನವಳು ಕೂತಿದ್ದಳು. ಅವಳೂ ಅಂಥವಳೇ. ಎರಡು ವರ್ಷದಿಂದ ಪ್ರತಿ ಮಂಗಳವಾರ ಒಬ್ಬ ಡಾಕ್ಟರ ಎದುರು ಕೂತು ಮನಸ್ಸು ಬಿಚ್ಚಿದ್ದಳು. ಅವರ ಸಹಿಯ ಪತ್ರವಿಲ್ಲದೆ ಅವಳ ಚಿಕಿತ್ಸೆ ಶುರುವಾಗುವಂತಿರಲಿಲ್ಲ. ಡಾಕ್ಟರು ಅವಳನ್ನು 'ಬಾರಮ್ಮ' ಎಂದೇ ಕರೆಯುತ್ತಿದ್ದರು. ಈ ಸಭೆಯಲ್ಲಿ ನಿನ್ನಂಥವರ ಪರವಾಗಿ ಮಾತಾಡುತ್ತೇನೆ, ಮರುದಿನವೇ ಸಹಿ ಹಾಕುತ್ತೇನೆ ಎಂದಿದ್ದರು. ಅದಕ್ಕೇ ಅವಳು ಇದ್ದುದರಲ್ಲಿ ಒಳ್ಳೆಯ ಮೈಕನ್ನು ಒರೆಸಿ ಅವರ ಜಾಗದಲ್ಲಿಟ್ಟಿದ್ದಳು. ಅವಳು ಅಲ್ಲಿರುವುದು ಡಾಕ್ಟರಿಗೆ ತಿಳಿಯದು. ನಿನ್ನ ಕೆಲಸವೇನು ಎಂದು ಅವರು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮೊದಲು ಒಬ್ಬ ಹಿರಿಯ ವೈದ್ಯರು ಆತುರ ಬೇಡವೆಂದು ಗುಡುಗಿದರು. ಚಪ್ಪಾಳೆಗೆ ಛಾವಣಿಯ ಸುಣ್ಣ ಉದುರಿತು. ಅದನ್ನು ಕೇಳಿದ್ದೇ ತಡ, ಮುಂದೆ ಮಾತಿಗೆ ನಿಂತ ಅವಳ ಡಾಕ್ಟರ ಮಾತು ಗಾಳಿ ಬೀಸಿದ ಕಡೆಗೆ ವಾಲಿತು.

"ನನ್ನ ಹತ್ರ ಒಬ್ಬ ಬರ್ತಾನೆ," ಎಂದರು. "ತನ್ನ ದನೀನ ರೆಕಾರ್ಡ್ ಮಾಡಿ, ಸ್ಪೀಡ್ ಏರಿಸಿ, ಹೆಣ್ಣಿನ ದನೀಲಿ ಕೇಳಿಸ್ಕೊಂಡು ಅಳ್ತಾ ಕೂತ್ಕೋತಾನೆ. ಇಂಥವನಿಗೆ ಏನಂತ ಸಹಿ ಹಾಕ್ಲಿ?"

ಸಭೆ ನಕ್ಕಿತು. ಆ ಸಂಗತಿಯನ್ನು ಮೈಕಿನವಳು ಹೆತ್ತ ತಾಯಿಗೂ ಹೇಳಿರಲಿಲ್ಲ.

ಮೈಕು ಆರಿಸಿಬಿಡಬಹುದಿತ್ತು, ಗುಂಡಿ ಬೆರಳ ಕೆಳಗೇ ಇತ್ತು. ಆರಿಸಲಿಲ್ಲ. ಎದ್ದು, ಕುರ್ಚಿಗಳ ನಡುವೆ ನಡೆದು, ವೇದಿಕೆ ಹತ್ತಿದಳು. ವೈರು ಸರಿಮಾಡಲು ಬಂದಳೆಂದು ಎಲ್ಲರೂ ಸುಮ್ಮನಿದ್ದರು. ಅವಳು ಮೈಕನ್ನು ತನ್ನ ಕಡೆ ಬಾಗಿಸಿಕೊಂಡಳು.

"ಒಬ್ಬ ಬರ್ತಾನೆ ಅಲ್ಲ ಸಾರ್, ಒಬ್ಬಳು ಬರ್ತಾಳೆ. ಮಿಕ್ಕಿದ್ದೆಲ್ಲ ನಾನು ಹೇಳ್ದಂಗೇ ಹೇಳಿದ್ರಿ."

ಡಾಕ್ಟರು ನೀರಿನ ಲೋಟ ಎತ್ತಿದರು. ಖಾಲಿ ಲೋಟವನ್ನೇ ಕುಡಿದರು.

ಹಿರಿಯ ವೈದ್ಯರು ಮಾತ್ರ ಎದ್ದು ನಿಂತರು. "ಚಿಕಿತ್ಸೆ ವಿಷ್ಯದಲ್ಲಿ ನನ್ನ ಮಾತು ಬದಲಾಗಲ್ಲಮ್ಮ. ಆದ್ರೆ ಕೋಣೆ ಒಳಗಿನ ಮಾತನ್ನ ಇಲ್ಲಿಗೆ ತಂದಿದ್ದು ತಪ್ಪು." ತಾವು 'ಅಮ್ಮ' ಎಂದದ್ದು ಅವರ ಗಮನಕ್ಕೇ ಬರಲಿಲ್ಲ.

ಅವಳು ಗೂಡಿಗೆ ಮರಳಿ, ಮುಂದಿನವರ ದನಿಯನ್ನು ಹದಕ್ಕೆ ತಂದಳು. ಮಂಗಳವಾರ ಬಂತು. ಅವಳು ಹೋಗಲಿಲ್ಲ.

ಸಹಿ ಇನ್ನೂ ಬಿದ್ದಿಲ್ಲ. ಇಷ್ಟೆಲ್ಲ ಪುಕ್ಕಟೆ ಕೇಳಿ ಎದ್ದು ಹೋಗಲು ಬಿಡುವವನು ನಾನಲ್ಲ. ಬಾಯಿ ಭದ್ರವಿರುವ ಡಾಕ್ಟರು ಯಾರಾದರೂ ನಿಮಗೆ ಗೊತ್ತಿದ್ದರೆ ಅವಳಿಗಾಗಿ ವಿಳಾಸ ಕೊಡಿ. ನನಗೆ ಬರೆಯಲು ಬಾರದು. ತಗೊಳ್ಳಿ ಪೆನ್ನು, ನೀವೇ ಬರೆಯಿರಿ.