ಗ್ರೈಂಡರ್ ಜೊತೆ ಬಂದವಳು

ಸಾಹಸ ಎಂದು ಬರೆದಿದ್ದ ಕಾರ್ಡು ಕಿಟಕಿಯ ಗಾಳಿಗೆ ಹಾರಿ ಮೇಜಿನ ಕೆಳಗೆ ಬಿತ್ತು, ಬಿದ್ದರೆ ಬೀಳಲಿ, ಜಯಾ ಬಗ್ಗಲಿಲ್ಲ, ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಬೆಂಗಳೂರಿಗೆ ವಾಪಸ್ ಹೊರಡಲು ವಾರದಿಂದ ಡಬ್ಬ ಕಟ್ಟಿ ಕಟ್ಟಿ ಸೊಂಟ ಅನ್ನುವುದೊಂದು ಬೇರೆಯೇ ಜೀವವಾಗಿ ನರಳುತ್ತಿದೆ, ಈ ವಯಸ್ಸಿನಲ್ಲಿ ಸಾಹಸ ಕಟ್ಟಿಕೊಂಡು ಆಗಬೇಕಾದ್ದಾದರೂ ಏನು — ಮೇಜಿನ ಮೇಲೆ ಇನ್ನೂ ರಾಶಿ ಉಳಿದಿದೆ, ಸ್ವಾತಂತ್ರ್ಯ, ನಿಷ್ಠೆ, ಸೌಂದರ್ಯ, ಅಧಿಕಾರ, ನೆಮ್ಮದಿ, ಕುಟುಂಬ, ಗೌರವ, ಎಲ್ಲ ಇಂಗ್ಲಿಷಿನಲ್ಲಿ, ನುಣುಪಾದ ದಪ್ಪ ಕಾಗದದ ಮೇಲೆ, ಇಸ್ಪೀಟಿನ ಎಲೆಗಳ ಹಾಗೆ, ಅವಳು ಮಾತ್ರ ಒಂದೊಂದನ್ನೂ ಒಳಗೇ ಕನ್ನಡಕ್ಕೆ ತಿರುಗಿಸಿ ಆಮೇಲೆ ತೂಗಿ ನೋಡುತ್ತಿದ್ದಾಳೆ, ಅಷ್ಟರಲ್ಲಿ ಉಳಿದ ಹೆಂಗಸರು ಅರ್ಧ ರಾಶಿ ಮುಗಿಸಿಬಿಟ್ಟಿದ್ದಾರೆ. ಮೊದಲು ಹತ್ತು ಇಟ್ಟುಕೊಳ್ಳಿ, ಆಮೇಲೆ ಐದು, ಕೊನೆಗೆ ಒಂದೇ ಒಂದು, ಯಾವುದನ್ನು ಬಿಟ್ಟರೆ ಉಸಿರು ಕಟ್ಟಿದ ಹಾಗಾಗುತ್ತೋ ಅದೇ ನಿಮ್ಮ ಕೋರ್ ವ್ಯಾಲ್ಯೂ, ಮುಂದೆ ಮನೆಯಲ್ಲೋ ಕೆಲಸದಲ್ಲೋ ದಾರಿ ಕಾಣದಿದ್ದಾಗ ಅದನ್ನೇ ಕೇಳಿ ಎನ್ನುತ್ತಿದ್ದಾಳೆ ಆಂಜೆಲಾ, ಗೆಳತಿ ಫ್ಲಾವಿಯಾಳ ಅಕ್ಕನ ಮಗಳು, ನೈರೋಬಿಯಲ್ಲೇ ಹುಟ್ಟಿ ಬೆಳೆದವಳು, ಮಾತು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಉಸಿರು ಕಟ್ಟುವುದು ಯಾವುದಕ್ಕೆ, ಜಯಾಳಿಗೆ ಸದ್ಯ ಒಂದಕ್ಕೇ ಉಸಿರು ಕಟ್ಟುತ್ತಿದೆ, ಮೂರು ಗಂಟೆಗೆ ಫ್ಲಾವಿಯಾಳ ಡ್ರೈವರ್ ಪೀಟರ್ ಪಿಕಪ್ ತರುತ್ತಾನೆ, ಮನೆಕೆಲಸದ ನಫುಲಾಗೆ ಇನ್ನೂ ಹೇಳಿಲ್ಲ.

ಹೇಳಬಹುದಿತ್ತು, ಬೆಳಿಗ್ಗೆ ಹೇಳಬಹುದಿತ್ತು, ನಫುಲಾ ಅಡುಗೆಮನೆಯಲ್ಲಿ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು, ಇದೂ ಬೆಂಗಳೂರಿಗಾ ಮಾಮಾ, ಇದು ಬೇಡವಾ ಮಾಮಾ, ಮಾಮಾ ಎಂದರೆ ಅವಳ ಮಾತಿನಲ್ಲಿ ಅಮ್ಮ, ಬೇಡ ಅನ್ನುವುದನ್ನು ಕನ್ನಡದಲ್ಲೇ ಕೇಳುತ್ತಾಳೆ, ಬೇಡ, ಸಾಕು, ಬಿಸಿ, ಉಪ್ಪು, ಇಂಗ್ಲಿಷಿನ ಮಧ್ಯೆ ಸ್ವಾಹಿಲಿ, ಸ್ವಾಹಿಲಿಯ ಮಧ್ಯೆ ಇಂಥ ನಾಲ್ಕು ಕನ್ನಡ, ಇಬ್ಬರಿಗೆ ಮಾತ್ರ ತಿಳಿಯುವ ಒಂದು ಭಾಷೆ ಆಗಿಹೋಗಿದೆ ಇಷ್ಟು ವರ್ಷದಲ್ಲಿ, ಆ ಭಾಷೆಯಲ್ಲಿ ಉಪ್ಪು ಕಡಿಮೆ ಎಂದು ಹೇಳಬಹುದು, ಮಗಳು ಸಾನ್ವಿಗೆ ಜ್ವರ ಎಂದು ಹೇಳಬಹುದು, ಇದನ್ನು ಹೇಗೆ ಹೇಳುವುದು. ಟ್ಯಾಕ್ಸಿ ಕೆಳಗೆ ಬಂದು ನಿಂತಿತ್ತು, ಸಂಜೆ ಬಂದು ಹೇಳುತ್ತೇನೆ ಎಂದುಕೊಂಡಳು, ಸಂಜೆ ಎನ್ನುವಾಗಲೇ ಗೊತ್ತಿತ್ತು ಪಿಕಪ್ ಮೂರಕ್ಕೆ ಎಂದು, ಗೊತ್ತಿದ್ದೂ ಎಂದುಕೊಂಡಳು — ಅಧಿಕಾರ ಬೇಡ, ಖ್ಯಾತಿ ಬೇಡ, ಜಯಾ ಎರಡು ಕಾರ್ಡು ಪಕ್ಕಕ್ಕೆ ಸರಿಸುತ್ತಾಳೆ, ಸೌಂದರ್ಯ ಬೇಡ, ಸ್ವಾತಂತ್ರ್ಯ, ಅದರ ಮೇಲೆ ಬೆರಳು ಒಂದು ಕ್ಷಣ ನಿಲ್ಲುತ್ತದೆ, ಅದೂ ಬೇಡ, ಉಸಿರೇನೂ ಕಟ್ಟಲಿಲ್ಲ, ಅಭ್ಯಾಸವಾಗಿದೆ. ಕೆಳಗೆ ವೆಸ್ಟ್‌ಲ್ಯಾಂಡ್ಸ್ ರಸ್ತೆಯಲ್ಲಿ ಮಟಾಟು ವ್ಯಾನುಗಳು ಒಂದರ ಹಿಂದೊಂದು ಹಾರ್ನ್ ಒತ್ತುತ್ತಿವೆ, ಬಾಗಿಲಿಗೆ ಜೋತುಬಿದ್ದವನು ಟೌನ್ ಟೌನ್ ಎಂದು ಕೂಗುತ್ತಾನೆ, ಕಾಂಗೆಮಿ ಕಡೆಯದೂ ಇಲ್ಲಿಂದಲೇ ಹೊರಡುತ್ತದೆ, ನಫುಲಾ ಸಂಜೆ ಸಂಜೆ ಕಾಂಗೆಮಿಗೇ ಹೋಗುವುದು, ಅಲ್ಲಿ ಮಗಳಿದ್ದಾಳೆ, ತಾಯಿಯಿದ್ದಾಳೆ, ಮಳೆ ಬಂದರೂ ಸರಿ, ದಾರಿ ಬಂದಾದರೂ ಸರಿ, ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದವಳಲ್ಲ.

ರುಂಡಾ ಬಡಾವಣೆಯಲ್ಲಿರುವ ಫ್ಲಾವಿಯಾಳ ಮನೆಗೆ ಬೇಕಿರುವುದು ಅಲ್ಲೇ ಉಳಿಯುವವಳು, ಭಾನುವಾರ ಮಾತ್ರ ರಜೆ. ನಫುಲಾ ಹಾಗೆ ಉಳಿಯಬಹುದು ಎಂದು ಜಯಾಳೇ ಬರೆದದ್ದು, ಹೆಂಗಸರ ವಾಟ್ಸ್ಯಾಪ್ ಗ್ರೂಪಿನಲ್ಲಿ, ಊರಿಗೆ ಹೊರಟವರೆಲ್ಲ ಹಾಕುವ ಹಾಗೆಯೇ, ಹೊಸದೇನೂ ಅಲ್ಲ, ಡಬಲ್ ಡೋರ್ ಫ್ರಿಜ್ ಚೆನ್ನಾಗಿದೆ, ವಾಷಿಂಗ್ ಮಷೀನ್, ಸೋಫಾ, ಮಿಕ್ಸಿ, ಇಡ್ಲಿ ಕುಕ್ಕರ್, ಕೊನೆಗೆ, ನಮ್ಮ ನಫುಲಾ, ತುಂಬಾ ನಂಬಿಕಸ್ಥೆ, ಚಪಾತಿ ಸಾರು ದೋಸೆ ಎಲ್ಲಾ ಬರುತ್ತೆ, ಮಕ್ಕಳನ್ನ ಚೆನ್ನಾಗಿ ನೋಡ್ಕೋತಾಳೆ, ಲಿವ್-ಇನ್ ಆಗಬಹುದು, ಕೆಳಗೆ ಕೈಮುಗಿದ ಚಿತ್ರ. ಆಗಬಹುದು, ಯಾರು ಕೇಳಿದ್ದರು ಆಗಬಹುದಾ ಎಂದು, ಬರೆದರೆ ಬೇಗ ಕೆಲಸ ಸಿಗುತ್ತದೆ ಅವಳಿಗೆ ಎಂದು ಬರೆದದ್ದು, ಒಳ್ಳೆಯದಕ್ಕೇ, ಎಲ್ಲರೂ ಒಳ್ಳೆಯದಕ್ಕೇ ಬರೆಯುವುದು. ಜಯಾ ಈ ಊರಿಗೆ ಬಂದ ಹೊಸದರಲ್ಲಿ ಸೂರ್ಯನಾರಾಯಣರ ಮನೆಯವರು ಹೈದರಾಬಾದಿಗೆ ಹೊರಟಿದ್ದರು, ಅವರ ವೆಟ್ ಗ್ರೈಂಡರ್ ಕೊಂಡಳು, ಅದನ್ನು ಲಿಫ್ಟಿನಿಂದ ಹೊರಗೆಳೆಯುವಾಗ ಇನ್ನೊಂದು ತುದಿ ಹಿಡಿದು ಬಂದವಳು ಅವರ ಮನೆಕೆಲಸದ ನಫುಲಾ, ಗ್ರೈಂಡರ್ ಇಟ್ಟಳು, ಬಟ್ಟೆಯಿಂದ ಒರೆಸಿದಳು, ಮರುದಿನವೂ ಬಂದಳು, ಅಷ್ಟೇ, ನೇಮಕಾತಿ ಎಂದರೆ ಅಷ್ಟೇ. ಗ್ರೈಂಡರ್ ಜೊತೆ ಬಂದವಳು ಎಂದು ಗಂಡ ಚಕ್ರಪಾಣಿ ವರ್ಷಗಟ್ಟಲೆ ತಮಾಷೆ ಮಾಡುತ್ತಿದ್ದ, ಬಂದ ನೆಂಟರಿಗೆಲ್ಲ ಹೇಳುತ್ತಿದ್ದ, ಕಲ್ಲು ಸವೆದರೂ ಅವಳು ಸವೆದಿಲ್ಲ ನೋಡಿ, ಎಲ್ಲರೂ ನಗುತ್ತಿದ್ದರು, ಜಯಾಳೂ, ನಫುಲಾ ಕೂಡ ನಗುತ್ತಿದ್ದಳು, ನಗುವವರ ಜೊತೆ ನಗಬೇಕಲ್ಲ.

ಫ್ಲಾವಿಯಾ ಈಗ ಹತ್ತಕ್ಕೆ ಬಂದಿದ್ದಾಳೆ, ಕನ್ನಡಕ ಹಣೆಗೇರಿಸಿ ಜಯಾಳ ಕಡೆ ವಾಲಿ, ಎಂತ ಮಾರಾಯ್ತಿ ಇನ್ನೂ ಇಷ್ಟೊಂದು ಉಂಟಲ್ಲ ನಿನ್ನ ಹತ್ರ, ಎಲ್ಲ ವ್ಯಾಲ್ಯೂ ಬೆಂಗಳೂರಿಗೆ ಹೊತ್ಕೊಂಡು ಹೋಗ್ಲಿಕ್ಕಾ, ಲಗೇಜ್ ಜಾಸ್ತಿ ಆಗ್ತದೆ ನೋಡು, ಎಂದು ತೋಳು ಚಿವುಟಿದಳು. ಒಳ್ಳೆಯವಳು ಫ್ಲಾವಿಯಾ, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಇಲ್ಲ ಎನ್ನಬಹುದಿತ್ತು, ಚಕ್ರಪಾಣಿ ಆಸ್ಪತ್ರೆಯಲ್ಲಿದ್ದಾಗ ದಿನಾ ಗಂಜಿ ಕಳಿಸಿದವಳು, ಈ ಕಾರ್ಯಕ್ರಮದ ಟಿಕೆಟ್ ಕೂಡ ಅವಳದೇ ಉಡುಗೊರೆ, ಊರಿಗೆ ಹೋದ ಮೇಲೆ ಎಂತ ಮಾಡ್ತಿ ಅಂತ ಕೇಳಿದ್ರೆ ಗೊತ್ತಿಲ್ಲ ಅಂತಿ, ನಮ್ಮ ಆಂಜೆಲಾ ಹತ್ರ ಒಂದಿನ ಕೂತ್ಕೋ, ನಿನ್ನೊಳಗೆ ಎಂತ ಉಂಟು ಅಂತ ಹೊರಗೆ ತೆಗೀತಾಳೆ. ಗ್ರೂಪಿನಲ್ಲಿ ಬರೆದ ಐದು ನಿಮಿಷದೊಳಗೆ ಅವಳದೇ ಉತ್ತರ, ಫ್ರಿಜ್ಜೂ ನಫುಲಾನೂ ನಂಗೆ, ಬೇರೆ ಯಾರಿಗೂ ಕೊಡ್ಬೇಡ ಆಯ್ತಾ, ಆಮೇಲೆ ಫೋನು, ಹಿಂದೆ ಒಳ್ಳೆ ರೂಮುಂಟು, ಬಿಸಿ ನೀರುಂಟು, ನಮ್ಮ ಯಜಮಾನ್ರು ರುಡಾಲ್ಫ್ ಸಂಬಳನೂ ನಿಮಗಿಂತ ಮೇಲೆ ಕೊಡ್ತಾರೆ, ಅವಳಿಗೂ ಒಂದು ಚೇಂಜ್ ಆಗ್ತದೆ. ಚೇಂಜ್ — ಆ ಮಾತು ಎಲ್ಲೋ ಕೇಳಿದ್ದಾಗಿತ್ತು, ಎಲ್ಲಿ, ಮೈಸೂರಿನಲ್ಲಿ, ಸ್ಟಾಫ್ ರೂಮಿನಲ್ಲಿ ಎಂಟನೇ ಕ್ಲಾಸಿನ ಪೇಪರ್ ತಿದ್ದುತ್ತಿದ್ದಾಗ ಚಕ್ರಪಾಣಿಯ ಫೋನು ಬಂದಿತ್ತು, ಆಫ್ರಿಕಾ ಪೋಸ್ಟಿಂಗ್ ಆಯ್ತು ಕಣೇ, ನಿನಗೂ ಒಂದು ಚೇಂಜ್ ಆಗುತ್ತೆ, ಕಂಪನಿಯ ಪತ್ರದಲ್ಲಿ ಕಾರಿನ ಭತ್ಯೆಗೂ ಗೃಹೋಪಯೋಗಿ ಸಾಮಾನಿಗೂ ನಡುವೆ ಪತ್ನಿ ಎಂದೊಂದು ಸಾಲು, ಇಲ್ಲಿ ಬಂದಿಳಿದರೆ ಈ ದೇಶದಲ್ಲಿರಲು ಕೊಟ್ಟ ಪಾಸಿನಲ್ಲಿ ಅವಲಂಬಿತೆ, ಕೆಲಸ ಮಾಡುವ ಹಾಗಿಲ್ಲ. ಬರ್ತೀಯಾ ಎಂದು ಅವನು ಕೇಳಿದ್ದನಾ, ನೆನಪಾಗುವುದಿಲ್ಲ, ಆಯ್ತು ಎಂದು ತಾನು ಹೇಳಿದ್ದು ಮಾತ್ರ ನೆನಪಿದೆ, ಕೆಂಪು ಪೆನ್ನಿನ ಮುಚ್ಚಳ ಹಾಕಿ ಆಯ್ತು ಎಂದಿದ್ದಳು, ಸಿಟ್ಟೂ ಬಂದಿರಲಿಲ್ಲ, ಈಗಲೂ ಸಿಟ್ಟಲ್ಲ, ಬರೀ ಸುಸ್ತು.

ಐದು ಇಟ್ಟುಕೊಳ್ಳಿ ಎಂದಳು ಆಂಜೆಲಾ. ಕುಟುಂಬ, ನಿಷ್ಠೆ, ನೆಮ್ಮದಿ, ಪ್ರಾಮಾಣಿಕತೆ, ಗೌರವ, ಐದೂ ಮದುವೆ ಮನೆಯ ಹಿರಿಯರ ಹಾಗೆ ಸಾಲಾಗಿ ಕೂತು ಅವಳನ್ನೇ ನೋಡುತ್ತಿವೆ, ಪ್ರಾಮಾಣಿಕತೆಯ ಮುಖ ನೋಡಲಾಗದೆ ಅದನ್ನು ಮೊದಲು ತೆಗೆದಳು, ಕುಟುಂಬ ಹೇಗೂ ಇದ್ದೇ ಇರುತ್ತದೆ, ಬಿಟ್ಟರೂ ಬಿಡುವುದಿಲ್ಲ, ಅದನ್ನು ಸರಿಸಿದಳು, ಕೊನೆಗೆ ಕೈಯಲ್ಲಿ ಉಳಿದದ್ದು ಗೌರವ, ಅಮ್ಮ ಮರ್ಯಾದೆ ಎನ್ನುತ್ತಿದ್ದಳು, ಮನೇಲಿ ಕೆಲಸ ಮಾಡೋರಿಗೆ ಏಕವಚನ ಆಡಿದ್ರೆ ನಾಲಿಗೆಗೆ ಬರೆ ಅಂತಿದ್ದಳು, ಹೌದು, ಇದೇ, ಇದನ್ನೇ ನಾನು ಬಿಡದೆ ಹಿಡಿದುಕೊಂಡು ಬಂದದ್ದು, ನಫುಲಾಳ ಮೇಲೆ ಒಂದು ದಿನ ದನಿ ಎತ್ತಿದವಳಲ್ಲ, ತಟ್ಟೆ ಬೇರೆ ಇಟ್ಟವಳಲ್ಲ, ಕಣ್ಣಲ್ಲಿ ಸ್ವಲ್ಪ ನೀರು ಬಂದಂತಾಯಿತು, ಸುಸ್ತಿಗೂ ಇರಬಹುದು. ಆಗಲೇ ಫ್ಲಾವಿಯಾ ಫೋನು ಮುಂದೆ ಹಿಡಿದು ಪಿಸುಗುಟ್ಟಿದಳು, ಪೀಟರ್ ಹೊರಟಾಯ್ತಂತೆ, ಅವನಿಗೆ ಫ್ರಿಜ್ ಯಾವ್ದು ಅಂತ ತೋರಿಸ್ಲಿಕ್ಕೆ ನಿನ್ನ ಫೋಟೋನೇ ಕಳ್ಸಿದೆ, ನೋಡು ಇಲ್ಲಿ, ನೀನು ಒಳ್ಳೆ ವ್ಯಾಪಾರಿ ಮಾರಾಯ್ತಿ, ಎರಡೂ ಒಂದೇ ಫೋಟೋದಲ್ಲಿ ಬಂದುಬಿಟ್ಟಿದೆ, ಎಂದು ನಕ್ಕಳು. ಜಯಾ ನೋಡಿದಳು, ತಾನೇ ತೆಗೆದ ಫೋಟೋ, ತಾನೇ ಹಾಕಿದ್ದು, ಎಷ್ಟು ಸಲ ನೋಡಿದ್ದಳೋ, ಇಷ್ಟು ದಿನ ಕಂಡಿದ್ದು ಫ್ರಿಜ್ಜೊಂದೇ, ತೆರೆದ ಬಾಗಿಲು, ಒಳಗೆ ಉರಿಯುವ ದೀಪ, ಒರೆಸಿದ ಗಾಜಿನ ತಟ್ಟೆಗಳು, ಮತ್ತೆ ಬಲಗಡೆ ಅಂಚಿನಲ್ಲಿ, ಮೊಣಕೈವರೆಗೆ, ಬಾಗಿಲು ಹಿಡಿದುಕೊಂಡ ಒಂದು ಕೈ.

ಒಬ್ಬೊಬ್ಬರಾಗಿ ನಿಮ್ಮ ಕಾರ್ಡು ತೋರಿಸಿ, ಈ ವಾರ ಅದನ್ನು ನೀವು ಬದುಕಿದ ಒಂದು ಕ್ಷಣ ಹೇಳಿ ಎನ್ನುತ್ತಿದ್ದಾಳೆ ಆಂಜೆಲಾ, ಫ್ಲಾವಿಯಾ ಔದಾರ್ಯ ಎಂದಳು, ಏನೋ ಹೇಳಿದಳು, ಚಪ್ಪಾಳೆ ಬಿತ್ತು, ಉಳಿದವರ ಸರದಿಯೂ ಒಂದೊಂದಾಗಿ ಮುಗಿಯಿತು, ಜಯಾಳಿಗೆ ಕೇಳಿಸುತ್ತಿಲ್ಲ, ಕೈಯ ಮೇಲೆ ಸೋಪಿನ ನೊರೆ ಒಣಗಿದ ಬಿಳಿ ಗೆರೆ ಕೂಡ ಕಾಣುತ್ತಿತ್ತಲ್ಲ ಆ ಫೋಟೋದಲ್ಲಿ, ಗೌರವ ಎಂದು ಎತ್ತಿ ತೋರಿಸಬೇಕು ಈಗ, ಎಲ್ಲರೂ ಕಾಯುತ್ತಿದ್ದಾರೆ — ಫೋನು ಹೊಡೆದುಕೊಂಡಿತು, ನಫುಲಾ, ಅವಳು ಯಾವತ್ತೂ ಮಿಸ್ಡ್ ಕಾಲ್ ಕೊಡುವವಳು, ಇವತ್ತು ಹೊಡೆದುಕೊಳ್ಳುತ್ತಲೇ ಇದೆ. ಕುರ್ಚಿ ಸರಿಸಿ ಹೊರಗೆ ಬಂದಳು, ಕೈ ತೊಳೆಯುವ ಬೇಸಿನ್ ಹತ್ತಿರ ಗೋಡೆಗೆ ಒರಗಿದಳು. ಮಾಮಾ, ಪೀಟರ್ ಬಂದ್ರು, ಫ್ರಿಜ್ ಲಿಫ್ಟಲ್ಲಿ ಹೋಗ್ಲಿಲ್ಲ, ಮೆಟ್ಟಿಲಿಂದ ಇಳಿಸಿದ್ವಿ, ಗಾಡೀಲಿದೆ, ಈಗ ನಂಗೂ ಹತ್ತು ಅಂತಾರೆ, ಬ್ಯಾಗ್ ತಗೋ ಅಂತಾರೆ, ಮಾಮಾ, ನಾನೂನಾ. ದನಿಯಲ್ಲಿ ಸಿಟ್ಟಿಲ್ಲ, ಇದು ಬೇಡವಾ ಮಾಮಾ ಎಂದು ಬಾಟಲಿ ಎತ್ತಿ ಕೇಳುತ್ತಾಳಲ್ಲ, ಅದೇ ದನಿ. ಬೇಡ, ಎಂದಳು ಜಯಾ, ಹಪಾನಾ ನಫುಲಾ, ಹತ್ತಬೇಡ, ಫ್ರಿಜ್ ಹೋಗಲಿ, ನೀನು ಹೋಗಬೇಡ, ಎಂದಾಗ ಎದೆಯಲ್ಲಿ ಏನೋ ಸಡಿಲವಾಯಿತು, ಇದೇ, ಒಳಗೆ ಹೋಗಿ ಹೇಳಬಹುದಾದ ಕ್ಷಣ ಇದೇ, ಫ್ಲಾವಿಯಾ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಸವಾ ಮಾಮಾ, ಎಂದಳು ನಫುಲಾ.

ಸವಾ. ಆಯ್ತು. ಗಾಡಿ ಹತ್ತು ಎಂದಿದ್ದರೂ ಇದೇ ಸವಾ, ಇಷ್ಟೇ ಉದ್ದದ್ದು, ಇಷ್ಟೇ ತೂಕದ್ದು, ಜಯಾಳಿಗೆ ಗೊತ್ತು, ತಾನೂ ಅಂದವಳಲ್ಲವೇ ಅದನ್ನು ಇನ್ನೊಂದು ಭಾಷೆಯಲ್ಲಿ. ಆಮೇಲೆ ನಫುಲಾಳೇ ಮೆಲ್ಲಗೆ ಕೇಳಿದಳು, ಮಾಮಾ, ನೀವು ತಿಂಗಳ ಕೊನೆಗೆ ಹೋಗ್ತೀರಿ, ಪೀಟರ್ ಅಂತಾರೆ ಅಲ್ಲಿ ರೂಮಿದೆ, ಬಿಸಿ ನೀರಿದೆ, ಹೌದಾ. ಹೌದು ಎನ್ನಬೇಕೇ, ಇಲ್ಲ ಎನ್ನಬೇಕೇ, ಎರಡನೇ ಸಲ ಅವಳ ಪರವಾಗಿ ತಾನೇ ಹೇಳಿಬಿಟ್ಟಂತಾಯಿತಲ್ಲ, ಹತ್ತು ಎಂದದ್ದೂ ತಾನು, ಬೇಡ ಎಂದದ್ದೂ ತಾನು, ಬಾಗಿಲ ಸಂದಿಯಿಂದ ಫ್ಲಾವಿಯಾ ಕೈ ಬೀಸಿ ಕರೆಯುತ್ತಿದ್ದಾಳೆ, ಬಾ ಮಾರಾಯ್ತಿ ನಿಂದೇ ಬಾಕಿ, ಜಯಾ ಅವಳಿಗೆ ಬೆನ್ನು ತಿರುಗಿಸಿದಳು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ನಫುಲಾ, ಉನಟಾಕಾ ನಿನಿ, ನಿನಗೇನು ಬೇಕು, ಮಗಳನ್ನು ಬಿಟ್ಟು ಇರ್ತೀಯಾ ಅಲ್ಲಿ, ಇರಲ್ವಾ, ನಾನು ಕೇಳಲಿಲ್ಲ, ಕೇಳಬೇಕಿತ್ತು, ಈಗ ಹೇಳು, ನೀನು ಹೇಳಿದ ಹಾಗೆ ಫ್ಲಾವಿಯಾ ಮೇಡಮ್ಮಿಗೆ ನಾನು ಹೇಳ್ತೀನಿ. ಕಟ್ ಆಯಿತೇ ಎಂದು ನೋಡಿದಳು, ಇಲ್ಲ, ಪಿಕಪ್ಪಿನ ಇಂಜಿನ್ ಕೇಳುತ್ತಿದೆ, ಪೀಟರ್ ಯಾರಿಗೋ ಏನೋ ಹೇಳುತ್ತಿದ್ದಾನೆ, ನಫುಲಾಳ ಉಸಿರು ಕೇಳುತ್ತಿದೆ, ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಟ್ಟಿದ್ದೆ ಎಂದು ಹುಡುಕುತ್ತಿದ್ದಾಳೇನೋ, ಹುಡುಕಲಿ, ಕಾಯುತ್ತೇನೆ, ನಿಂತೇ ಕಾಯುತ್ತೇನೆ, ಆ ಕೈ, ಬಾಗಿಲು ಹಿಡಿದ ಕೈ, ಅವತ್ತು ಒಳಗಿನ ದೀಪ ಕಾಣಲಿ ಸ್ವಲ್ಪ ಹಿಡಿದುಕೋ ಎಂದು ತಾನೇ ಹೇಳಿ, ಫೋಟೋ ತೆಗೆದು, ಅದನ್ನು ಗ್ರೂಪಿಗೆ ಹಾಕುತ್ತಾ ಹಾಲಿಗೆ ಹೋಗಿ ಕೂತುಬಿಟ್ಟಿದ್ದಳು, ಯಾರು ಯಾರು ಏನು ಬರೆದರು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ, ನೀರು ಕುಡಿಯಲು ಎದ್ದು ಬಂದರೆ ಅಡುಗೆಮನೆಯಲ್ಲಿ ನಫುಲಾ ಅಲ್ಲೇ ನಿಂತಿದ್ದಾಳೆ, ದೀಪ ಉರಿಯುತ್ತಿದೆ, ಥಂಡಿಯೆಲ್ಲ ಹೊರಗೆ ಹರಿಯುತ್ತಿದೆ, ಆ ಕೈ ಹಾಗೇ ಬಾಗಿಲು ಹಿಡಿದಿದೆ, ಬಿಡು ಎಂದು ಯಾರೂ ಹೇಳಿಲ್ಲ, ಆ ಕೈ —