ನಲವತ್ತಮೂರನೆಯ ಪ್ರಶ್ನೆ

ನನಗೆ ಸಂಶೋಧನಾ ಫೆಲೋಶಿಪ್ ಸಿಕ್ಕಾಗ ಮೂವತ್ತೊಂದು ವರ್ಷ. ನಂಬರ್ ಫೋರ್ ಎಂಬ ಹೆರಾಯಿನ್ ಚುಚ್ಚಿಕೊಳ್ಳುವ ಹೆಂಗಸರಿಗೆ ಹೊಸ ಸೂಜಿಗಳನ್ನು ಪುಕ್ಕಟೆ ಕೊಡುತ್ತಿದ್ದರೂ ಅವರಲ್ಲಿ ಎಚ್‌ಐವಿ ಯಾಕೆ ಹರಡುತ್ತಲೇ ಇದೆ ಎಂಬುದನ್ನು ಎರಡು ವರ್ಷದಲ್ಲಿ ಕಂಡುಹಿಡಿಯಬೇಕಿತ್ತು. ಇಂಫಾಲದಿಂದ ವಾರಕ್ಕೆ ನಾಲ್ಕು ದಿನ ವ್ಯಾನು ಹತ್ತಿ ತೌಬಾಲ್‌ಗೆ ಹೋಗುತ್ತಿದ್ದೆ. ಈ ಹೆಂಗಸರು ಬಂದು ಸ್ನಾನ ಮಾಡಿ, ಉಂಡು, ಒಂದಿಷ್ಟು ಮಲಗಿ ಹೋಗಲು ಅಲ್ಲೊಂದು ಕೇಂದ್ರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಇಬೇಯೈಮಾ. ಎಲ್ಲರಿಗೂ ಅವರು ಇಚೆ, ಅಕ್ಕ. ಒಂದು ಕಾಲಕ್ಕೆ ತಾವೂ ಚುಚ್ಚಿಕೊಂಡವರು. ಈಗ ಹನ್ನೊಂದು ವರ್ಷದಿಂದ ಎಚ್‌ಐವಿಯ ಮಾತ್ರೆ ನುಂಗುತ್ತಾ ಗಟ್ಟಿಯಾಗಿದ್ದರು.

ನನ್ನ ಪಟ್ಟಿಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಮೂರು ತಿಂಗಳಲ್ಲಿ ಅರವತ್ತು ಹೆಂಗಸರನ್ನು ಮಾತನಾಡಿಸಿದೆ. 'ಬೇರೆಯವರ ಸೂಜಿ ಬಳಸುತ್ತೀರಾ?' ಎಂದು ಕೇಳಿದರೆ ಐವತ್ತೆಂಟು ಮಂದಿ ಇಲ್ಲ ಎಂದರು. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅದನ್ನೇ ಇಚೆಯ ಮುಂದೆ ಬಾಯಿಬಿಟ್ಟು ಅಂದೂಬಿಟ್ಟೆ.

ಅವರು ಸಿಂಗ್ಜು ಎಂಬ ಕೋಸಂಬರಿಗೆ ಎಲೆಕೋಸು ಹೆಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಕಿರಿಯ ಹೆಂಗಸರನ್ನೆಲ್ಲ ಅವರು ಇಬೆಮ್ಮ ಎಂದೇ ಕರೆಯುತ್ತಿದ್ದರು.

"ಸುಳ್ಳಲ್ಲ ಕಣೇ ಇಬೆಮ್ಮ. ಸೂಜಿ ಅವರವರದ್ದೇ. ನೀನು ಕೇಳೋದೇ ಸರಿ ಇಲ್ಲ."

"ಮತ್ತೆ ಹೆಂಗೆ ಕೇಳ್ಲಿ?"

"ನೀರಿನ ವಿಷಯ ಕೇಳಿದ್ಯಾ? ನಾಲ್ಕು ಜನ ಕೂತ್ಕೋತಾರೆ. ಸೂಜಿ ನಾಲ್ಕು, ನೀರಿನ ಬಟ್ಟಲು ಒಂದೇ. ಪುಡಿ ಕಲಸೋದೂ ಅದ್ರಲ್ಲೇ, ಸೂಜಿ ತೊಳೆಯೋದೂ ಅದ್ರಲ್ಲೇ, ಒಬ್ಬಳ ರಕ್ತ ಇನ್ನೊಬ್ಬಳ ಸೂಜಿಗೆ. ಇಷ್ಟು ಓದಿದೀಯ, ಇದು ಹೊಳೀಲಿಲ್ವಾ?"

ನನಗೆ ಕಿವಿ ಬಿಸಿಯಾಯಿತು. ಪುಸ್ತಕದಲ್ಲಿ ಓದಿದ್ದೆ, ಪಟ್ಟಿಯಲ್ಲಿ ಬರೆದಿರಲಿಲ್ಲ.

"ಈ ವರ್ಷದ ಕೊನೇಲಿ ವರದಿ ಕೊಡ್ಬೇಕು ಇಚೆ. ಮೂರು ತಿಂಗಳ ಕೆಲಸ ದಂಡ ಅಂತ ಬರೆದ್ರೆ ಫೆಲೋಶಿಪ್ಪೇ ಹೋಗುತ್ತೆ."

"ಹೋದ್ರೆ ಹೋಗ್ಲಿ, ಎಲೆಕೋಸು ಹೆಚ್ಚೋಕೆ ನನಗೂ ಒಬ್ಳು ಬೇಕು. ಮೊದ್ಲು ನಿಜ ಬರಿ."

ಆ ಮಧ್ಯಾಹ್ನವೇ ಪುಣೆಯಲ್ಲಿದ್ದ ನನ್ನ ಮಾರ್ಗದರ್ಶಿ ಪ್ರೊಫೆಸರ್ ಭರೂಚಾ ಅವರಿಗೆ ಎಲ್ಲವನ್ನೂ ಬರೆದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಅವರೇ ಫೋನ್ ಮಾಡಿದರು.

"ಲಾಂಧೋನಿ, ಫೆಲೋಶಿಪ್‌ನವರ ಹತ್ತಿರ ಮಾತಾಡಿದೆ. ಆರು ತಿಂಗಳು ಹೆಚ್ಚು ಕೊಡ್ತಾರೆ. ಮತ್ತೆ ಅನುಮತಿ ತಗೊಂಡು ಮೊದಲಿಂದ ಶುರು ಮಾಡು. ತಪ್ಪು ಗೊತ್ತಾಗಲಿ ಅಂತಾನೇ ಅಲ್ವಾ ನಿನ್ನನ್ನ ಅಲ್ಲಿ ಕೂರಿಸಿರೋದು? ಅಂದಹಾಗೆ, ಈ ನೀರಿನ ಮಾತು ಹೇಳಿದ್ದು ಯಾರು?"

ಹೇಳಿದೆ.

"ಹಾಗಾದ್ರೆ ಲೇಖನದಲ್ಲಿ ಅವರೂ ಲೇಖಕಿ. ಕೊನೇಲಿ ಒಂದು ಸಾಲು ಕೃತಜ್ಞತೆ ಬರೆದು ಕೈತೊಳ್ಕೋಬೇಡ."

ಇಚೆ ಮತ್ತು ನಾನು ಚಾಪೆಯ ಮೇಲೆ ಕೂತು ನೀರಿನ ಬಟ್ಟಲಿನ ಬಗ್ಗೆ ನಲವತ್ತಮೂರನೆಯ ಪ್ರಶ್ನೆಯನ್ನು ನಮ್ಮ ಮೈತೇಯಿ ಮಾತಿನಲ್ಲಿ ಬರೆದೆವು. ನಾನು ಬರೆದದ್ದನ್ನು ಅವರು ಐದು ಸಲ ಹೊಡೆದುಹಾಕಿದರು. ಅದೇ ಅರವತ್ತು ಮಂದಿಯಲ್ಲಿ ನಲವತ್ತೊಂದು ಮಂದಿ ಈ ಸಲ ಹೌದು ಎಂದರು. ಒಬ್ಬಳು ನಗುತ್ತಾ, "ಇದನ್ನ ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ" ಎಂದಳು.

ಲೇಖನ ಸಿದ್ಧವಾದಾಗ ಇಚೆಯ ಪೂರ್ತಿ ಹೆಸರು ಹಾಕಲೇ ಎಂದು ಕೇಳಿದೆ. ಅವರು ಮೊದಲ ಬಾರಿ ಮಂಕಾದರು. ಮಗಳನ್ನು ಕಾಕ್ಚಿಂಗ್‌ಗೆ ಕೊಟ್ಟಿದ್ದರು. ತಾಯಿಗೆ ಈ ಕಾಯಿಲೆ ಎಂದು ಅಳಿಯನಿಗೆ ಗೊತ್ತು, ಮಗಳ ಅತ್ತೆಮಾವನಿಗೆ ಗೊತ್ತಿಲ್ಲ. ಹೆಸರು ಅಚ್ಚಾದರೆ ಗೊತ್ತಾಗಬಹುದಿತ್ತು. "ಮಗಳನ್ನ ಕೇಳ್ತೀನಿ" ಎಂದಷ್ಟೇ ಹೇಳಿದರು. ವಾರ ಕಳೆಯಿತು. ನಾನು ಮತ್ತೆ ಕೇಳಲಿಲ್ಲ. ಅದು ನನ್ನ ಬಾಯಿಂದ ಬರುವ ಮಾತಲ್ಲ ಎನಿಸಿತು. ಎಂಟನೆಯ ದಿನ ಮಗಳೇ ಬಂದಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು.

"ಅತ್ತೆಗೆ ನಾನೇ ಹೇಳ್ದೆ," ಎಂದಳು. "ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಅಮ್ಮಂಗೆ ಅಂತ ಮೀನು ಕಟ್ಟಿ ಕೊಟ್ರು. ಹಾಕಿ, ಇಂಗೊಮ್ ಇಬೇಯೈಮಾ ಅಂತ ಸರಿಯಾಗಿ ಹಾಕಿ."

ಮುಂದಿನ ವರ್ಷದಿಂದ ತೌಬಾಲ್‌ನಲ್ಲಿ ಪ್ರತಿ ಸೂಜಿಯ ಜೊತೆ ಒಬ್ಬರಿಗೆ ಸಾಕಾಗುವಷ್ಟು ಶುದ್ಧ ನೀರಿನ ಪುಟ್ಟ ಸೀಸೆಯನ್ನೂ ಕೊಡತೊಡಗಿದರು. ಹೊಸ ಸೋಂಕು ಪೂರ್ತಿ ನಿಂತಿತು ಎಂದು ಹೇಳಲಾರೆ. ಕಡಿಮೆಯಾಯಿತು. ನಾನು ಹೆಸರು ಹಿಡಿದು ಹೇಳಬಲ್ಲ ಕೆಲವರು ಇವತ್ತಿಗೂ ಸೋಂಕಿಲ್ಲದೆ ಇದ್ದಾರೆ.

ಹೊಸದಾಗಿ ಫೆಲೋಶಿಪ್ ಪಡೆದವರಿಗೆ ಗುವಾಹಟಿಯಲ್ಲಿ ತರಬೇತಿ ಇತ್ತು. ಪಾಠ ಹೇಳಲು ಇಚೆಯನ್ನು ಕರೆದರು. ಅವರು ಮೈತೇಯಿಯಲ್ಲಿ ಮಾತಾಡಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಒಂದು ಗಂಟೆಯ ಪಾಠ ಎರಡೂವರೆ ಗಂಟೆ ನಡೆಯಿತು.

ಹಿಂದಿರುಗುವಾಗ ವಿಮಾನದಲ್ಲಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಅವರಿಗೆ ತಲೆಬಾಗಿದೆ.

"ಇಚೆ, ನೀವಿಲ್ದಿದ್ರೆ ನಾನು ಐವತ್ತೆಂಟು ಜನಾನ ಸುಳ್ಳುಗಾರರು ಅಂತ ಬರೆದುಬಿಡ್ತಿದ್ದೆ. ನಿಮ್ಮ ಉಪಕಾರ ಮರೆಯೋಲ್ಲ."

ಅವರು ನನ್ನ ಮಣಿಕಟ್ಟು ಹಿಡಿದು ಕೆಳಗೆಳೆದರು. ಕಣ್ಣು ಒದ್ದೆಯಾಗಿತ್ತು.

"ಗೊತ್ತು, ಕೂತ್ಕೋ. ಬೆಲ್ಟ್ ಹಾಕ್ಕೋ ಅಂತ ಆ ಹುಡುಗಿ ಎರಡು ಸಲ ಹೇಳಿ ಹೋದ್ಳು."